ಸತ್ತವರ ಕತೆ ಹೇಳೋಕೆ ಯಾರ ಅಪ್ಪಣೆ ಬೇಕು?

ದೇಶದಲ್ಲಿ ಮೊನ್ನೆ ಮೊನ್ನೆ ನಡೆದ ದುರಂತಗಳನ್ನು ಸಿನಿಮಾ ಮಾಡಬಾರದು ಎಂಬ ಮಾತು ಸುಸಂಸ್ಕೃತರ ವಲಯದಲ್ಲಿ ಓಡಾಡುತ್ತಿದೆ. ಗಾಯ ಇನ್ನೂ ಹಸಿಯಾಗಿದೆಯಂತೆ. ಸತ್ತವರಿಗೆ ಅವಮಾನವಂತೆ. ಕಾಲ ಮಾಗಬೇಕಂತೆ. ದೂರ ನಿಂತು ನೋಡಿದರೆ ಮಾತ್ರ ಕಲೆ ಹುಟ್ಟುತ್ತದಂತೆ. ತಣ್ಣನೆಯ ಸಭಾಂಗಣದಲ್ಲಿ ಕೂತು ಈ ಮಾತು ಆಡುವವರನ್ನು ನಾವು ಒಂದೇ ಒಂದು ಪ್ರಶ್ನೆ ಕೇಳಬೇಕಾಗಿದೆ: ಗಾಯ ಯಾರದು ಸ್ವಾಮಿ?

ಮಗನನ್ನು ಕಳಕೊಂಡ ತಾಯಿ ಬಂದು "ಬ್ಯಾಡ ಕಣಪ್ಪ, ಅದನ್ನ ಮತ್ತೆ ನೋಡೋ ಶಕ್ತಿ ನನಗಿಲ್ಲ" ಅಂದರೆ ನಾವು ತಲೆ ತಗ್ಗಿಸಿ ಕೇಳುತ್ತೇವೆ. ಆ ಮಾತಿಗೆ ತೂಕ ಐತೆ. ಆದರೆ ಆ ತಾಯಿಯನ್ನು ಕೇಳದೆ, ಆಕೆಯ ಬೀದಿಗೆ ಒಂದು ದಿನವೂ ಕಾಲಿಡದೆ, ಆಕೆಯ ಹೆಸರಲ್ಲಿ ವಕಾಲತ್ತು ಹಾಕಿಕೊಂಡು ಬರುವ ಈ ಸಭ್ಯರಿಗೆ ಏನು ಹಕ್ಕಿದೆ? ಇವರು ಕಾಪಾಡಲು ಹೊರಟಿರುವುದು ತಮ್ಮ ನಿದ್ದೆಯನ್ನು. ಅದಕ್ಕೆ ಸತ್ತವರ ಗೌರವ ಅಂತ ಹೆಸರಿಟ್ಟಿದ್ದಾರೆ, ಅಷ್ಟೆ.

ಈ ವಿಷಯದಲ್ಲಿ ನಮ್ಮ ತಲೆಮಾರು ಮಾತಾಡಲೇಬೇಕು. ನಮ್ಮ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾವೇ ಮೊದಲಿಗರು. ನಮ್ಮ ತಾತ ಮುತ್ತಾತರ ಸಾವಿಗೆ ಕಾಗದವಿಲ್ಲ, ಕಲ್ಲಿಲ್ಲ. ಯಾವಾಗ ಸತ್ತರು ಅಂದರೆ "ಆ ದೊಡ್ಡ ಬರ ಬಂದಿತ್ತಲ್ಲ, ಆವಾಗ" ಅನ್ನುತ್ತಾರೆ. ಹೇಗೆ ಸತ್ತರು ಅಂದರೆ ಸುಮ್ಮನಾಗುತ್ತಾರೆ. ಅಕ್ಷರ ಇದ್ದವರು ರಾಜರ ಹುಟ್ಟು ಸಾವು ಬರೆದರು, ಮಠದ ಸ್ವಾಮಿಗಳ ಹುಟ್ಟು ಸಾವು ಬರೆದರು. ನಮ್ಮವರ ಸಾವು ಮಾಗಲಿ ಅಂತ ಕಾದಿದ್ದೇ ಬಂತು. ಬರೆಯದ ಸಾವು ಮಾಗೋದಿಲ್ಲ ಕಣ್ರಯ್ಯಾ, ಮಣ್ಣಾಗಿ ಹೋಗುತ್ತೆ.

ಈ 'ರಾಷ್ಟ್ರೀಯ ದುರಂತ' ಎಂಬ ಮಾತನ್ನೇ ಮೊದಲು ಬಿಚ್ಚಿ ನೋಡೋಣ. 2008ರ ನವೆಂಬರ್ 26ರಂದು ಶುರುವಾದ ಮುಂಬೈ ದಾಳಿಯಲ್ಲಿ 166 ಜನ ಸತ್ತರು. ಆ ದಾಳಿ ಅಂದ ಕೂಡಲೇ ದೇಶದ ಕಣ್ಣ ಮುಂದೆ ಬರುವುದು ತಾಜ್ ಹೋಟೆಲಿನ ಗುಮ್ಮಟ, ಗುಮ್ಮಟದ ಮೇಲಿನ ಹೊಗೆ. 'ಹೋಟೆಲ್ ಮುಂಬೈ' ಅಂತ ಸಿನಿಮಾ ಬಂತು, 2019ರಲ್ಲಿ ನಮ್ಮ ದೇಶದ ಟಾಕೀಸುಗಳಲ್ಲೂ ಓಡಿತು. ಅದೇ ರಾತ್ರಿ ಸಿ.ಎಸ್.ಟಿ. ರೈಲು ನಿಲ್ದಾಣದಲ್ಲಿ ಗಂಟುಮೂಟೆ ಇಟ್ಟುಕೊಂಡು ರೈಲಿಗೆ ಕಾಯುತ್ತಿದ್ದ ಜನರಲ್ಲಿ 50ಕ್ಕೂ ಹೆಚ್ಚು ಮಂದಿ ಗುಂಡಿಗೆ ಬಿದ್ದರು. ಆ ದಾಳಿಯಲ್ಲಿ ಬೇರೆ ಯಾವ ಒಂದು ಜಾಗದಲ್ಲೂ ಅಷ್ಟು ಜನ ಸತ್ತಿಲ್ಲ. ಆದರೂ ಆ ನಿಲ್ದಾಣದ ನೆಲ ದೇಶದ ನೆನಪಿನಲ್ಲಿ ಹೋಟೆಲಿನ ಗುಮ್ಮಟದಷ್ಟು ಎತ್ತರಕ್ಕೆ ಏರಲಿಲ್ಲ. ಸತ್ತ ಮೇಲೂ ಫಸ್ಟ್ ಕ್ಲಾಸು, ಜನರಲ್ ಬೋಗಿ ಅಂತ ಬೇರೆ ಬೇರೆ ಐತೆ.

ಇನ್ನು ನಮ್ಮ ನೆಲಕ್ಕೆ ಬನ್ನಿ. 2000ದ ಮಾರ್ಚ್ 11. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ. ಏಳು ಜನ ದಲಿತರನ್ನು ಮನೆಯೊಳಗೆ ಕೂಡಿಹಾಕಿ ಬೆಂಕಿ ಇಟ್ಟು ಸುಟ್ಟರು. ಅದಕ್ಕೆ ಯಾರಾದರೂ ರಾಷ್ಟ್ರೀಯ ದುರಂತ ಅಂದರೇ? ಹಳ್ಳಿ ದ್ವೇಷ ಅಂದರು. ಜಾತಿ ಗಲಾಟೆ ಅಂದರು. ಸಾಕ್ಷಿಗಳು ತಿರುಗಿಬಿದ್ದರು. ಊರಲ್ಲಿ ಅದೇ ಜನರ ಹೊಲದಲ್ಲಿ ಕೂಲಿ ಮಾಡಿ ಬದುಕಬೇಕಾದವರು ಕೋರ್ಟಿನಲ್ಲಿ ನಿಂತು ಎಷ್ಟು ದಿನ ಗಟ್ಟಿಯಾಗಿ ಹೇಳಿಯಾರು? 2006ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಬಿಟ್ಟಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸುಟ್ಟು ಬೂದಿಯಾದರು. ಸುಟ್ಟವರು ಮಾತ್ರ ಯಾರೂ ಇಲ್ಲ!

ನ್ಯಾಯಾಲಯದ ತೀರ್ಪು ಬರೋವರೆಗೂ ಸಿನಿಮಾದವರು ಕಾಯಲಿ ಎನ್ನುವ ನಮ್ಮ ಪ್ರಗತಿಪರ ಗೆಳೆಯರು ಈ ಹದಿನಾಲ್ಕು ವರ್ಷವನ್ನು ಬೆರಳು ಮಡಿಚಿ ಎಣಿಸಲಿ. 1993ರ ಮುಂಬೈ ಬಾಂಬ್ ಸ್ಫೋಟದ ಬಗ್ಗೆ ಅನುರಾಗ್ ಕಶ್ಯಪ್ ಮಾಡಿದ 'ಬ್ಲ್ಯಾಕ್ ಫ್ರೈಡೇ' 2004ರಲ್ಲೇ ಸಿದ್ಧವಾಗಿತ್ತು. ವಿಚಾರಣೆ ನಡೆಯುತ್ತಿದೆ ಎಂಬ ಕಾರಣಕ್ಕೆ ಮುಂಬೈ ಹೈಕೋರ್ಟು ತಡೆ ಕೊಟ್ಟಿತು. ಅದು ಹೊರಗೆ ಬಂದದ್ದು 2007ರಲ್ಲಿ. ಆರೋಪಿಗೂ ನ್ಯಾಯ ಬೇಕು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಪೊಲೀಸರು ಸುಳ್ಳು ಕೇಸು ಹಾಕಿದಾಗ ಮೊದಲು ಒಳಗೆ ಹೋಗುವವರು ನಮ್ಮ ಕೇರಿಯವರೇ. ಹಾಗಾಗಿ ತೀರ್ಪು ಬರದ ಮುಂಚೆ ಒಬ್ಬನ ಹೆಸರು ಹಿಡಿದು ಕೊಲೆಗಾರ ಎಂದು ತೆರೆಯ ಮೇಲೆ ತೋರಿಸಬಾರದು. ಸರಿ. ಆದರೆ ಮನೆ ಉರಿದದ್ದು ಸುಳ್ಳೇ? ಹೆಣ ಬಿದ್ದದ್ದು ಸುಳ್ಳೇ? ಕರೆದಾಗ ಪೊಲೀಸರು ಬಾರದೇ ಹೋದರೆ ಅದನ್ನು ತೋರಿಸೋಕೆ ಯಾವ ತೀರ್ಪಿಗೆ ಕಾಯಬೇಕು?

ಈಗ ಎಲ್ಲರೂ ಮರೆಯಲು ಅವಸರ ಮಾಡುತ್ತಿರುವ ಸಾವುಗಳ ಮಾತಿಗೆ ಬರುತ್ತೇವೆ. 2020ರ ಮಾರ್ಚ್ 24, ರಾತ್ರಿ 8 ಗಂಟೆ. ಪ್ರಧಾನಿ ಟಿವಿಯಲ್ಲಿ ಬಂದು ಮಧ್ಯರಾತ್ರಿಯಿಂದ ದೇಶಕ್ಕೆ ಬೀಗ ಅಂದರು. ಕೈಯಲ್ಲಿದ್ದದ್ದು ನಾಲ್ಕು ಗಂಟೆ. ನಗರಗಳನ್ನು ಕಟ್ಟಿದ ಜನ ನಗರ ಬಿಟ್ಟು ನಡೆದರು. ತಲೆ ಮೇಲೆ ಗಂಟು, ಹೆಗಲ ಮೇಲೆ ಕೂಸು, ಕಾಲಲ್ಲಿ ಬೊಬ್ಬೆ. ಮೇ 8ರ ಬೆಳಗಿನ ಜಾವ ಮಹಾರಾಷ್ಟ್ರದ ಔರಂಗಾಬಾದ್ ಜಿಲ್ಲೆಯಲ್ಲಿ ರೈಲು ಹಳಿಯ ಮೇಲೆ ಮಲಗಿದ್ದ 16 ಜನರ ಮೇಲೆ ಗೂಡ್ಸ್ ರೈಲು ಹರಿಯಿತು. ಜಾಲ್ನಾದ ಉಕ್ಕಿನ ಕಾರ್ಖಾನೆಯಿಂದ ಮಧ್ಯಪ್ರದೇಶದ ತಮ್ಮ ಊರಿಗೆ ಹೊರಟಿದ್ದವರು. ಹಳಿಯ ಮೇಲೆ ಉಳಿದದ್ದು ಒಣಗಿದ ರೊಟ್ಟಿ.

ನಮ್ಮ ಸರ್ಕಾರ ಮಾಡಿದ್ದೇನು? ಅದೇ ಮೇ ಮೊದಲ ವಾರ ಮುಖ್ಯಮಂತ್ರಿ ಬಿಲ್ಡರುಗಳ ಜೊತೆ ಸಭೆ ನಡೆಸಿದ ಬೆನ್ನಿಗೇ ಕಾರ್ಮಿಕರನ್ನು ಊರಿಗೆ ಸೇರಿಸುವ ರೈಲುಗಳು ಬೇಡ ಎಂದು ಕರ್ನಾಟಕ ಸರ್ಕಾರ ರೈಲ್ವೆಗೆ ಬರೆಯಿತು. ಕೂಲಿಯವರು ಹೊರಟುಹೋದರೆ ಕಟ್ಟಡ ಏಳಿಸುವವರು ಯಾರು? ದೇಶವೆಲ್ಲ ಛೀ ಅಂದ ಮೇಲೆ ಎರಡು ಮೂರು ದಿನಕ್ಕೆ ಮತ್ತೆ ರೈಲು ಬಿಟ್ಟರು. ಆ ಎರಡು ಮೂರು ದಿನ ಜೀತ ಬೆಂಗಳೂರಿಗೆ ಮರಳಿ ಬಂದಿತ್ತು. ಜೀತ ಪದ್ಧತಿ ರದ್ದತಿ ಕಾಯಿದೆ ಬಂದದ್ದು 1976ರಲ್ಲಿ ಎಂದು ನಾವು ಪರೀಕ್ಷೆಯಲ್ಲಿ ಬರೆದು ಮಾರ್ಕು ತಗೊಂಡವರು.

2020ರ ಸೆಪ್ಟೆಂಬರ್ 14. ಸಂಸತ್ತಿನಲ್ಲಿ ಪ್ರಶ್ನೆ ಬಂತು: ದಾರಿಯಲ್ಲಿ ಸತ್ತ ಕಾರ್ಮಿಕರು ಎಷ್ಟು? ಅಂಥ ಲೆಕ್ಕ ಇಟ್ಟಿಲ್ಲ ಅಂದಿತು ಕಾರ್ಮಿಕ ಇಲಾಖೆ. ಲೆಕ್ಕ ಇಲ್ಲದ ಮೇಲೆ ಪರಿಹಾರದ ಪ್ರಶ್ನೆಯೇ ಹುಟ್ಟುವುದಿಲ್ಲ ಅಂದಿತು. ಊರಿಗೆ ಮರಳಿದವರು 1 ಕೋಟಿಗೂ ಹೆಚ್ಚು ಎಂಬ ಲೆಕ್ಕ ಮಾತ್ರ ಅದೇ ಸರ್ಕಾರದ ಬಳಿ ಇತ್ತು. ಬದುಕಿ ಮನೆ ಸೇರಿದವರನ್ನು ಎಣಿಸಲು ಬಂತು, ದಾರಿಯಲ್ಲಿ ಬಿದ್ದವರನ್ನು ಎಣಿಸಲು ಬೆರಳು ಸಾಲಲಿಲ್ಲ. ಸರ್ಕಾರದ ದಫ್ತರಿನಲ್ಲಿ ಇಲ್ಲದ ಸಾವು ಹಾಡಲ್ಲಿ ಇರಬೇಕು, ನಾಟಕದಲ್ಲಿ ಇರಬೇಕು, ಸಿನಿಮಾದಲ್ಲಿ ಇರಬೇಕು. ಮಾಡಬೇಕೇ ಅಂತ ಕೇಳುವವರಿಗೆ ನಮ್ಮ ಉತ್ತರ ಇದು: ಮಾಡಬೇಕು. ಇವತ್ತೇ ಮಾಡಬೇಕು. ನೋಡಿದವರು ಬದುಕಿರುವಾಗಲೇ, ತೋರಿಸಿದ್ದು ಸುಳ್ಳಾದರೆ ಎದ್ದು ನಿಂತು ಸುಳ್ಳು ಅನ್ನುವವರು ಇರುವಾಗಲೇ ಮಾಡಬೇಕು. ಐವತ್ತು ವರ್ಷದ ಮೇಲೆ ಮಾಡಿದರೆ ತಿದ್ದೋಕೆ ಯಾರಿರುತ್ತಾರೆ?

ಹಾಗಂತ ಸಿನಿಮಾ ಮಂದಿಗೆ ನಾವು ಹಾರ ಹಾಕಲು ಬಂದಿಲ್ಲ. ಮುಂಬೈ ದಾಳಿ ಮುಗಿದ ಬೆನ್ನಲ್ಲೇ ಮಹಾರಾಷ್ಟ್ರದ ಮುಖ್ಯಮಂತ್ರಿ ವಿಲಾಸರಾವ್ ದೇಶಮುಖ್ ತಾಜ್ ಹೋಟೆಲು ನೋಡಲು ಹೋದಾಗ ಜೊತೆಯಲ್ಲಿದ್ದವರು ಯಾರು? ನಟನಾದ ಮಗ ಮತ್ತು ನಿರ್ದೇಶಕ ರಾಮಗೋಪಾಲ ವರ್ಮ. ಜನ ಉಗಿದರು, ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿಯ ಕುರ್ಚಿಯೂ ಹೋಯಿತು. 2013ರಲ್ಲಿ ವರ್ಮ ಆ ದಾಳಿಯ ಸಿನಿಮಾ ಮಾಡಿಯೇ ಮಾಡಿದರು. ರಕ್ತ ಆರುವ ಮುಂಚೆ ಹೋಗಬಾರದು ಅಂತ ನಾವು ಹೇಳುತ್ತಿಲ್ಲ. ಹೋಗುವುದಾದರೆ ಮಂತ್ರಿಯ ಕಾರಲ್ಲಿ ಹೋಗಬೇಡಿ, ಆಸ್ಪತ್ರೆಯ ಹೊರಗೆ ಹೆಣಕ್ಕೆ ಕಾದವರ ಪಕ್ಕ ನೆಲದ ಮೇಲೆ ಕೂತುಕೊಳ್ಳಿ ಅನ್ನುತ್ತಿದ್ದೇವೆ.

2019ರಲ್ಲಿ ಅನುಭವ್ ಸಿನ್ಹಾ ಅವರ 'ಆರ್ಟಿಕಲ್ 15' ಬಂತು. 2014ರ ಬದಾಯೂಂ, 2016ರ ಊನಾ ಘಟನೆಗಳ ನೆರಳು ಅದರಲ್ಲಿತ್ತು. ಊನಾದಲ್ಲಿ ಸತ್ತ ದನದ ಚರ್ಮ ಸುಲಿದವರಿಗೆ ಬೆತ್ತದೇಟು ಬಿದ್ದಾಗ, ಇನ್ನು ಮೇಲೆ ನಿಮ್ಮ ಸತ್ತ ದನ ನೀವೇ ಎತ್ತಿಕೊಳ್ಳಿ ಎಂದು ಬೀದಿಗಿಳಿದವರು ದಲಿತರು. ಸಿನಿಮಾದಲ್ಲಿ ನ್ಯಾಯ ಕೊಡಿಸುವವನು ಯಾರು? ಬ್ರಾಹ್ಮಣ ಪೊಲೀಸ್ ಅಧಿಕಾರಿ. ನಮ್ಮ ಹೆಣ, ಅವರ ಹೀರೋ! ಅದೇ ನಿರ್ದೇಶಕರು 2023ರಲ್ಲಿ ಲಾಕ್‌ಡೌನ್ ಬಗ್ಗೆ 'ಭೀಡ್' ಮಾಡುವಾಗ ಕೆಳಜಾತಿಯ ಪೊಲೀಸನನ್ನೇ ನಡುವೆ ನಿಲ್ಲಿಸಿದರು. ಯಾರಾದರೂ ಕೇಳಿದರೆ ಇವರಿಗೂ ಕೇಳಿಸುತ್ತೆ. ಅದಕ್ಕೇ ನಾವು ಕೂಗುವುದನ್ನು ಬಿಡಬಾರದು.

2021ರ 'ಜೈ ಭೀಮ್' ನೋಡಿ. 1993ರಲ್ಲಿ ತಮಿಳುನಾಡಿನಲ್ಲಿ ಪೊಲೀಸರ ಕೈಯಲ್ಲಿ ಸತ್ತ ಒಬ್ಬ ಬಡವನ ಕತೆ, ವಕೀಲ ಚಂದ್ರು ನಡೆಸಿದ ಕೇಸು. ಲಾಕಪ್ಪಿನ ಸಾವನ್ನು ಮನೆಮನೆಗೆ ಮುಟ್ಟಿಸಿದ ಸಿನಿಮಾ ಅದು, ಅದರ ಋಣ ದೊಡ್ಡದು. ಆದರೆ ಸತ್ತವನು ಕುರವರ್ ಸಮುದಾಯದವನು, ಸಿನಿಮಾದಲ್ಲಿ ಇರುಳರ್ ಮಾಡಿದರು. ಆ ವಿಧವೆ ಇನ್ನೂ ಬಡತನದಲ್ಲೇ ಇದ್ದಾಳೆಂಬ ಮಾತು ಹೊರಬಿದ್ದು, ಕಮ್ಯುನಿಸ್ಟರು ಪತ್ರ ಬರೆದ ಮೇಲೆ ನಟ ಸೂರ್ಯ 10 ಲಕ್ಷ ರೂಪಾಯಿ ಆಕೆಯ ಹೆಸರಲ್ಲಿ ಇಟ್ಟರು. ಕೊಟ್ಟದ್ದು ಒಳ್ಳೆಯದೇ. ಆದರೆ ಕತೆ ಆಕೆಯದು. ಅದು ದಾನವಾಗಿ ಸಿನಿಮಾ ಬಂದ ಮೇಲೆ ಯಾಕೆ ಬರಬೇಕು? ಕೂಲಿಯಾಗಿ, ಹಕ್ಕಾಗಿ ಮೊದಲೇ ಬರಬೇಕಿತ್ತು.

ಸರ್ಕಾರಗಳ ಆಟ ಇನ್ನೊಂದು. 2002ರ ಗುಜರಾತ್ ಹತ್ಯಾಕಾಂಡದಲ್ಲಿ ಮಗನನ್ನು ಕಳಕೊಂಡ ಪಾರ್ಸಿ ಕುಟುಂಬದ ಕತೆ 'ಪರ್ಜಾನಿಯಾ'. 2007ರಲ್ಲಿ ಬಿಡುಗಡೆಯಾದಾಗ ಗುಜರಾತಿನ ಟಾಕೀಸಿನವರು ಹೆದರಿ ಹಾಕಲಿಲ್ಲ. 2022ರಲ್ಲಿ 'ದಿ ಕಾಶ್ಮೀರ್ ಫೈಲ್ಸ್' ಬಂದಾಗ ನಮ್ಮ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ತೆರಿಗೆ ಮಾಫಿ ಮಾಡಿದವು. ಪಂಡಿತರ ನೋವು ಸುಳ್ಳಲ್ಲ, ಮನೆ ಬಿಟ್ಟು ಓಡಿದವರ ನೋವು ನಮಗೆ ಗೊತ್ತಿಲ್ಲದ್ದೂ ಅಲ್ಲ. ಆದರೆ ಒಬ್ಬರ ಕಣ್ಣೀರು ತೆಗೆದುಕೊಂಡು ಪಕ್ಕದ ಮನೆಯವನ ಮೇಲೆ ಆಸಿಡ್ಡಿನಂತೆ ಎರಚುವುದು ಕಲೆಯಲ್ಲ. 'ಭೀಡ್' ಟ್ರೇಲರು ಯೂಟ್ಯೂಬಿನಿಂದ ಮಾಯವಾಗಿ, ಪ್ರಧಾನಿಯ ದನಿ ಕಳಕೊಂಡು ಮರಳಿ ಬಂತು. ಅಂದರೆ ದುರಂತದ ಸಿನಿಮಾ ಬೇಡ ಎಂದು ಸರ್ಕಾರ ಯಾವತ್ತೂ ಹೇಳಿಲ್ಲ. ತನ್ನ ಹೆಸರು ಬರುವ ದುರಂತ ಬೇಡ ಅಂತ ಮಾತ್ರ ಹೇಳುತ್ತೆ.

ಇದರ ನಡುವೆಯೂ ಕೆಲಸ ನಡೆದಿದೆ. ಉತ್ಸವ್ ಗೋನವಾರ ಅವರ ಕನ್ನಡದ 'ಫೋಟೋ' 2024ರಲ್ಲಿ ತೆರೆಗೆ ಬಂತು. ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳುವ ಆಸೆಯ ಹುಡುಗ, ಬೆಂಗಳೂರಲ್ಲಿ ಕೂಲಿ ಮಾಡುವ ಅಪ್ಪ, ನಡುವೆ ಬಿದ್ದ ಲಾಕ್‌ಡೌನ್. ಅಷ್ಟೆ ಕತೆ. ಆ ಕಟ್ಟಡ ಯಾರದು ಅನ್ನೋ ಪ್ರಶ್ನೆ ತಾನಾಗೇ ಏಳುತ್ತೆ. ತಾನು ದಲಿತನೆಂದು ಬಹಿರಂಗವಾಗಿ ಹೇಳಿಕೊಂಡ ನೀರಜ್ ಘಾಯ್‌ವಾನ್ 2025ರಲ್ಲಿ 'ಹೋಮ್‌ಬೌಂಡ್' ಮಾಡಿದರು. ಒಬ್ಬ ದಲಿತ, ಒಬ್ಬ ಮುಸ್ಲಿಂ, ಇಬ್ಬರೂ ಗೆಳೆಯರು. ಲಾಕ್‌ಡೌನಿನಲ್ಲಿ ಹೆದ್ದಾರಿಯ ಬದಿ ಗೆಳೆಯನನ್ನು ಮಡಿಲಲ್ಲಿ ಹಾಕಿಕೊಂಡು ಕೂತವನ ನಿಜವಾದ ಚಿತ್ರವೊಂದರಿಂದ ಹುಟ್ಟಿದ ಕತೆ. ಸೆನ್ಸಾರಿನವರು ಇದಕ್ಕೂ ಕತ್ತರಿ ಹಾಕಿದರು. ಅದೇ ಸಿನಿಮಾ ದೇಶದ ಪರವಾಗಿ ಆಸ್ಕರಿಗೆ ಹೋಯಿತು. ಊರೊಳಗೆ ಕತ್ತರಿ, ಪರದೇಶಕ್ಕೆ ಮೆರವಣಿಗೆ!

ಆದ್ದರಿಂದ ನಮ್ಮ ಮಾತು ಇಷ್ಟು. ಸತ್ತವರ ಮನೆಗೆ ಮೊದಲು ಹೋಗಿ, ಅವರು ಒಪ್ಪಿದ ಮೇಲೆ ಕತೆ ಬರೆಯಿರಿ. ಬಂದ ದುಡ್ಡಿನಲ್ಲಿ ಅವರ ಪಾಲು ಕರಾರಿನಲ್ಲೇ ಇರಲಿ. ಸತ್ತವರ ಜಾತಿ ಮುಚ್ಚಬೇಡಿ, ಜಾತಿಯಿಂದಲೇ ಸತ್ತವರು ಅವರು. ಅತ್ಯಾಚಾರವನ್ನು, ಉರಿಯುವ ದೇಹವನ್ನು ಕಣ್ಣಿಗೆ ಹಬ್ಬ ಮಾಡಬೇಡಿ. ನಮ್ಮವರು ಹೊಡೆತ ತಿನ್ನುವಾಗ ಮಾತ್ರ ಕ್ಯಾಮರಾ ಹತ್ತಿರ ತಂದು, ನಮ್ಮವರು ಎದ್ದು ನಿಂತಾಗ ದೂರ ಒಯ್ಯಬೇಡಿ. ಕೊಂದ ವ್ಯವಸ್ಥೆಗೆ ಹೆಸರಿಡಿ. ಇಷ್ಟು ಮಾಡದವರು ವ್ಯಾಪಾರಿಗಳು. ಹೆಣದ ಮೇಲೆ ತಕ್ಕಡಿ ಇಟ್ಟವರು.

ಗೆಳೆಯರೇ, ಅವರು ಮಾಡಲಿ ಅಂತ ಕಾಯುತ್ತಾ ಕೂರುವುದೂ ಒಂದು ಜೀತವೇ. ನಮ್ಮ ಹುಡುಗರ ಕೈಗೆ ಮೊಬೈಲು ಬಂದಿದೆ. ತಮಟೆ ಮೊದಲಿನಿಂದ ಐತೆ. ಅಕ್ಷರ ಬಂದಿದೆ. ಕಂಬಾಲಪಲ್ಲಿ ನೋಡಿದವರು ಇನ್ನೂ ಇದ್ದಾರೆ, ಲಾಕ್‌ಡೌನಿನಲ್ಲಿ ನಡೆದ ಕಾಲುಗಳು ಇನ್ನೂ ಇವೆ. ಹೋಗಿ ಕೇಳೋಣ, ಬರೆಯೋಣ, ಚಿತ್ರ ತೆಗೆಯೋಣ. ಅಪ್ಪಣೆ ಕೇಳುವುದಿದ್ದರೆ ಸತ್ತವರ ಮನೆಯ ಹೊಸಿಲಲ್ಲಿ ನಿಂತು ಕೇಳುತ್ತೇವೆ. ಬೇರೆ ಯಾವ ಬಾಗಿಲನ್ನೂ ನಾವು ತಟ್ಟೋದಿಲ್ಲ.