ಮಗಳ ರುಜು

ಸ್ತ್ರೀವಾದವು ಇನ್ನೂ ಬೇಕೇ ಎಂಬ ಪ್ರಶ್ನೆಯನ್ನು ಈಚೆಗೆ ವಿದ್ಯಾವಂತರಾದ ಸದ್ಗೃಹಸ್ಥರು ಪದೇ ಪದೇ ಕೇಳುತ್ತಿರುವರು. ಇದು ಕುಚೋದ್ಯದ ಪ್ರಶ್ನೆಯಲ್ಲ. 2024ನೆಯ ಇಸವಿಯ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಕರ್ನಾಟಕದ ಹುಡುಗಿಯರಲ್ಲಿ ನೂರಕ್ಕೆ 81 ಮಂದಿ ಉತ್ತೀರ್ಣರಾದರು. ಹುಡುಗರಲ್ಲಿ ಉತ್ತೀರ್ಣರಾದವರು ಸುಮಾರು 66 ಮಂದಿ ಮಾತ್ರ. 2023ನೆಯ ಜೂನ್ ತಿಂಗಳಿಂದ ನಮ್ಮ ನಾಡಿನ ಹೆಂಗಸರು ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಕಾಸು ಕೊಡದೆ ಸಂಚರಿಸುತ್ತಿದ್ದಾರೆ. ಅದೇ ವರ್ಷದ ಆಗಸ್ಟಿನಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಯೋಜನೆಯೂ ಆರಂಭವಾಯಿತು. ಇಷ್ಟಾದ ಮೇಲೆ ಇನ್ನೇನು ಉಳಿಯಿತು ಎಂದು ಅವರು ಕೇಳುವುದು ಸಹಜವೇ. ಉಳಿದಿರುವುದು ಬಹಳವುಂಟು. ಆದರೆ ಈ ಸಂಚಿಕೆಯಲ್ಲಿ ನಾವು ಒಂದೇ ಒಂದನ್ನು ಕುರಿತು ಬರೆಯುವೆವು. ಅದು ಮಗಳ ರುಜು.

ನಮ್ಮ ಕೊಪ್ಪಳ ಸೀಮೆಯಲ್ಲಿ ಹೆಣ್ಣಿನ ಕೈಗೆ ಲೇಖನಿ ಬಂದುದು ತಡವಾಗಿ. 2001ನೆಯ ಜನಗಣತಿಯ ಕಾಲಕ್ಕೆ ಈ ಜಿಲ್ಲೆಯ ಹೆಂಗಸರಲ್ಲಿ ಓದುಬರಹ ಬಲ್ಲವರು ನೂರಕ್ಕೆ 40ರಷ್ಟೂ ಇರಲಿಲ್ಲ. 2011ರಲ್ಲಿ ಅವರ ಸಂಖ್ಯೆಯು 57ಕ್ಕೆ ಏರಿತು. ಆಗ ಗಂಡಸರಲ್ಲಿ ನೂರಕ್ಕೆ 78 ಮಂದಿ ಅಕ್ಷರಸ್ಥರಾಗಿದ್ದರು. ಅಜ್ಜಿಯು ಹೆಬ್ಬೆಟ್ಟು ಒತ್ತಿದ ಮನೆಯಲ್ಲಿ ಮೊಮ್ಮಗಳು ತನ್ನ ಹೆಸರನ್ನು ದುಂಡಗೆ ಬರೆಯುವುದನ್ನು ಕಂಡಾಗ ಉಪಾಧ್ಯಾಯಿನಿಯರಾದ ನಮಗಾಗುವ ಸಂತೋಷವು ಅಷ್ಟಿಷ್ಟಲ್ಲ. ಆದರೆ ಆ ಮೊಮ್ಮಗಳು ಶಾಲೆ ಬಿಟ್ಟು, ಲಗ್ನವಾಗಿ, ಮೊಟ್ಟಮೊದಲು ಮಹತ್ವದ ಕಾಗದವೊಂದಕ್ಕೆ ರುಜು ಹಾಕುವುದು ಎಲ್ಲಿ? ಬಹಳ ಮನೆತನಗಳಲ್ಲಿ ಅದು ಹಕ್ಕು ಬಿಡುಗಡೆ ಪತ್ರದ ಮೇಲೆ. ತಂದೆಯ ಹೊಲಮನೆಗಳಲ್ಲಿ ತನಗೆ ಯಾವ ಪಾಲೂ ಬೇಡವೆಂದು ಸಹೋದರರಿಗೆ ಬರೆದುಕೊಡುವ ಪತ್ರವದು.

ನಮ್ಮಲ್ಲಿ ಓದಿ, ಒಳ್ಳೆಯ ಅಂಕಗಳಿಂದ ತೇರ್ಗಡೆಯಾಗಿ ಹೋದ ಹುಡುಗಿಯೊಬ್ಬಳು ಕೆಲವು ವರ್ಷಗಳ ಮೇಲೆ ನಮ್ಮನ್ನು ಕಾಣಲು ಬಂದಾಗ, ಇಂಥದೊಂದು ಕಾಗದಕ್ಕೆ ರುಜು ಹಾಕಿ ಬಂದೆನೆಂದು ಮಾತಿನ ನಡುವೆ ತಿಳಿಸಿದಳು. ಅದರಲ್ಲಿ ಏನು ಬರೆದಿತ್ತೆಂದು ನಾವು ಕೇಳಿದೆವು. “ಓದ್ಲಿಲ್ರೀ ಅಕ್ಕೋರ. ಓದ್ಕೋತ ಕುಂತಿದ್ರ ಅಣ್ಣನ ಮ್ಯಾಲ ನಂಬಿಕಿ ಇಲ್ಲ ಅಂದಂಗ ಆಕ್ಕಿತ್ತು” ಎಂದಳು. ಹತ್ತು ವರ್ಷ ಓದಲು ಕಲಿತವಳಿಗೆ ತನ್ನ ಬಾಳಿನ ಕಾಗದವನ್ನು ಓದುವುದೇ ಅವಿಶ್ವಾಸದ ಗುರುತೆಂದು ತೋರಿತು. ಸ್ತ್ರೀವಾದವು ಇನ್ನೂ ಬೇಕೇ ಎಂಬ ಪ್ರಶ್ನೆಗೆ ನಮ್ಮ ಉತ್ತರವು ಈ ಒಂದು ಮಾತಿನಲ್ಲಿ ಅಡಗಿದೆ.

ಕಾಯಿದೆಯು ಅವಳ ಪಕ್ಷದಲ್ಲಿಲ್ಲವೆಂದು ಯಾರೂ ತಿಳಿಯಬಾರದು. ಹಿಂದೂ ಸ್ತ್ರೀಯರ ಹಕ್ಕುಗಳನ್ನು ಕುರಿತು ಮೈಸೂರು ಸಂಸ್ಥಾನವು 1933ರಲ್ಲಿಯೇ ಒಂದು ಕಾಯಿದೆಯನ್ನು ಮಾಡಿತ್ತು. ನಮ್ಮ ಸೀಮೆಯು 1948ರ ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಅದು ಇಲ್ಲಿಗೆ ಸಲ್ಲಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೂ ಪಾಲನ್ನಿತ್ತಿತು. ಕರ್ನಾಟಕವು 1994ರಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿಯೂ ಮಗಳನ್ನು ಮಗನ ಸಮಕ್ಕೆ ತಂದಿತು. ಆದರೆ ಅದಕ್ಕೆ ಮೊದಲೇ ಲಗ್ನವಾದವರನ್ನು ಹೊರಗಿಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿಯು ಆ ಭೇದವನ್ನೂ ತೆಗೆದುಹಾಕಿತು. ಆ ತಿದ್ದುಪಡಿಯು ಜಾರಿಗೆ ಬಂದ ದಿನ ತಂದೆಯು ಬದುಕಿರಲಿ ಇಲ್ಲದಿರಲಿ, ಮಗಳ ಹಕ್ಕು ಹುಟ್ಟಿನಿಂದಲೇ ಬಂದುದೆಂದು 2020ನೆಯ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಮುಸಲ್ಮಾನ ಮನೆತನಗಳಲ್ಲಿ ಮಗನ ಪಾಲಿನ ಅರ್ಧವು ಮಗಳದೆಂದು ಅವರ ಧರ್ಮಶಾಸ್ತ್ರವೇ ಹೇಳುತ್ತದೆ. ಆ ಅರ್ಧವನ್ನೂ ಸಹೋದರರಿಗೆ ಬಿಟ್ಟುಕೊಡುವವರುಂಟು.

ಕ್ರೈಸ್ತರಾದ ನಾವು ಇದರಿಂದ ಹೊರತಾದವರೆಂದು ಹೆಮ್ಮೆ ಪಡುವ ಹಾಗಿಲ್ಲ. ನಮಗೆ ಸಲ್ಲುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಮಗ ಮಗಳೆಂಬ ಭೇದವನ್ನು ಮಾಡುವುದಿಲ್ಲ. ಆದರೆ ಕೇರಳದ ತಿರುವಾಂಕೂರು ಸೀಮೆಯ ಸಿರಿಯನ್ ಕ್ರೈಸ್ತರಲ್ಲಿ 1916ರ ಬೇರೊಂದು ಕಾಯಿದೆ ನಡೆಯುತ್ತಿತ್ತು. ಅದರಂತೆ ಮಗಳಿಗೆ ಸಿಗುತ್ತಿದ್ದುದು ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಕೊಟ್ಟಾಯಂ ಪಟ್ಟಣದಲ್ಲಿ ಶಾಲೆಯೊಂದನ್ನು ಸ್ಥಾಪಿಸಿ ನಡೆಸುತ್ತಿದ್ದ ಮೇರಿ ರಾಯ್ ಅವರು ಇದನ್ನು ಸುಪ್ರೀಂ ಕೋರ್ಟಿನ ವರೆಗೆ ಒಯ್ದು, 1986ರಲ್ಲಿ ಅಲ್ಲಿನ ಹೆಣ್ಣುಮಕ್ಕಳಿಗೆಲ್ಲ ಸಮಪಾಲನ್ನು ದೊರಕಿಸಿದರು. ನಮ್ಮಂತೆಯೇ ಶಾಲೆ ನಡೆಸಿದ ಒಬ್ಬ ಹೆಣ್ಣುಮಗಳು ಈ ಕಾರ್ಯವನ್ನು ಮಾಡಿದಳೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ನೆನಪಿನಲ್ಲಿಡಬೇಕು.

ಹೀಗೆ ಕಾಯಿದೆಯು ಹೊಸ್ತಿಲ ವರೆಗೆ ಬಂದು ನಿಂತಿದೆ. ಹೊಸ್ತಿಲೊಳಗೆ ಅದನ್ನು ತಡೆಯುವುದು ಯಾವುದು? ದುಷ್ಟತನವೆಂದು ಹೇಳಿದರೆ ಸುಲಭವಾಗುತ್ತಿತ್ತು. ನಿಜವಾಗಿ ತಡೆಯುವುದು ಪ್ರೀತಿಯನ್ನು ಕಳೆದುಕೊಳ್ಳುವ ಭಯ. ನಮ್ಮ ಕಡೆ ಶ್ರಾವಣದ ಪಂಚಮಿಗೆ ಅಣ್ಣನು ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವ ಪದ್ಧತಿಯುಂಟು. ಉಂಡಿ, ಜೋಕಾಲಿ, ಒಂದು ಕುಬಸ, ನಾಲ್ಕು ದಿನದ ವಿಶ್ರಾಂತಿ, ಇವು ಅವಳ ವರ್ಷದ ಸುಖವೆಲ್ಲ. ರುಜು ಹಾಕದಿದ್ದರೆ ಮುಂದಿನ ಪಂಚಮಿಗೆ ಕರೆಯಲು ಯಾರು ಬರುವರು? ಗಂಡನ ಮನೆಯಲ್ಲಿ ಕಷ್ಟ ಬಂದರೆ ಯಾವ ಬಾಗಿಲನ್ನು ತಟ್ಟುವುದು? ಈ ಲೆಕ್ಕವನ್ನು ಅವಳು ಬಾಯಿಬಿಟ್ಟು ಆಡುವುದಿಲ್ಲ. ಮನಸ್ಸಿನಲ್ಲಿಯೇ ಮಾಡಿ ರುಜು ಹಾಕುತ್ತಾಳೆ. ತವರನ್ನು ಉಳಿಸಿಕೊಳ್ಳಲು ಅವಳು ತೆರುವ ಬೆಲೆಯದು. ಅಣ್ಣನಾದರೋ ತನ್ನ ಪಾಲನ್ನು ಪಡೆಯಲು ಯಾರ ಪ್ರೀತಿಯನ್ನೂ ಒತ್ತೆಯಿಡಬೇಕಾಗಿಲ್ಲ. ಅಸಮಾನತೆಯೆಂದು ನಾವು ಕರೆಯುವುದು ಇದನ್ನೇ.

ಇದಕ್ಕೆ ಎದುರಾಗಿ ಹೇಳುವ ಮಾತುಗಳನ್ನು ನಾವು ಬಲ್ಲೆವು. ಮಗಳ ಲಗ್ನಕ್ಕೆ ಖರ್ಚು ಮಾಡಿದುದೇ ಅವಳ ಪಾಲೆಂದು ಕೆಲವರು ಹೇಳುತ್ತಾರೆ. ಆ ಖರ್ಚಿನಲ್ಲಿ ಬೀಗರಿಗೆ ಕೊಟ್ಟ ವರದಕ್ಷಿಣೆಯು 1961ರಿಂದಲೇ ನಿಷಿದ್ಧವಾದುದು. ಪೆಂಡಾಲು ಊಟಗಳು ಒಂದೇ ದಿನದವು. ಯಾವುದೂ ಅವಳ ಹೆಸರಿನಲ್ಲಿ ಉಳಿಯಲಿಲ್ಲ. ಮಗನ ಲಗ್ನಕ್ಕೂ ಖರ್ಚಾಗುತ್ತದೆ. ಅದನ್ನು ಅವನ ಪಾಲಿನಲ್ಲಿ ಯಾರೂ ಮುರಿದುಕೊಳ್ಳುವುದಿಲ್ಲ. ಮುಪ್ಪಿನಲ್ಲಿ ತಂದೆತಾಯಿಗಳನ್ನು ನೋಡಿಕೊಳ್ಳುವವನು ಮಗನೆಂಬುದು ಎರಡನೆಯ ಮಾತು. ಅವರ ಸೇವೆಯಲ್ಲಿ ಎಷ್ಟು ಭಾಗವನ್ನು ಸೊಸೆಯ ಕೈಗಳು ಮಾಡುತ್ತವೆಂದು ಕೇಳಿದರೆ ಉತ್ತರವು ಪ್ರತಿ ಮನೆಯಲ್ಲಿಯೂ ಗೊತ್ತು. ಆ ಸೊಸೆಯೂ ಎಲ್ಲಿಯೋ ತನ್ನ ಪಾಲನ್ನು ಬಿಟ್ಟುಕೊಟ್ಟು ಬಂದವಳೇ.

ಮೂರನೆಯ ಮಾತು ಇವೆರಡಕ್ಕಿಂತ ತೂಕವುಳ್ಳದ್ದು. ಕುಷ್ಟಗಿ, ಯಲಬುರ್ಗಾ ಕಡೆಯ ಮಳೆಯಾಶ್ರಯದ ಎರಡು ಮೂರು ಎಕರೆ ಹೊಲವನ್ನು ಐದು ಮಕ್ಕಳಿಗೆ ಹಂಚಿದರೆ ಯಾರಿಗೂ ಹೊಟ್ಟೆ ತುಂಬದು. ಇದು ನಿಜ. ಆದರೆ ಈ ಕಷ್ಟವು ಐದು ಗಂಡುಮಕ್ಕಳಿದ್ದರೂ ಬರುವುದು. ಆಗ ತಮ್ಮನೊಬ್ಬನು ಹಕ್ಕು ಬಿಡಲೆಂದು ಯಾರೂ ಕೇಳುವುದಿಲ್ಲ. ಪಾಲು ಕೊಡುವುದೆಂದರೆ ಹೊಲದ ನಡುವೆ ಬದು ಹಾಕುವುದೊಂದೇ ಅಲ್ಲ. ಪಹಣಿಯಲ್ಲಿ ಅವಳ ಹೆಸರನ್ನು ಜಂಟಿಯಾಗಿ ಇಡಬಹುದು. ಉಳುವ ಅಣ್ಣನು ಅವಳಿಗೆ ಪಾಲಿನ ಕಾಳನ್ನೋ ಲಾವಣಿಯ ಹಣವನ್ನೋ ಕೊಡಬಹುದು. ಬೆಲೆ ಕಟ್ಟಿ ಕಂತುಗಳಲ್ಲಿ ತೀರಿಸಲೂಬಹುದು.

ಹೆಸರೊಂದರಿಂದ ಏನಾದೀತೆಂದು ಕೇಳಬಾರದು. ಬೆಳೆಸಾಲ, ಬೆಳೆವಿಮೆ, ಬೆಳೆಹಾನಿಯ ಪರಿಹಾರ ಇವು ಬಹುಮಟ್ಟಿಗೆ ಪಹಣಿಯ ಹೆಸರನ್ನು ನೋಡಿ ಬರುವಂಥವು. ತುಂಗಭದ್ರೆಯ ಕಾಲುವೆಯ ಕೆಳಗೆ ಗಂಗಾವತಿಯ ಗದ್ದೆಗಳಲ್ಲಿ ಬಗ್ಗಿ ನಾಟಿ ಮಾಡುವವರು ಹೆಂಗಸರು. ಎರೆ ಮಸಾರಿ ಹೊಲಗಳಲ್ಲಿ ಕಳೆ ತೆಗೆಯುವವರೂ ಅವರೇ. ಆದರೂ 2015–16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರ ಪೈಕಿ ಹೆಂಗಸರು ನೂರಕ್ಕೆ 14 ಮಂದಿಯಷ್ಟೇ. ರೇಷನ್ ಕಾರ್ಡಿನಲ್ಲಿ ಯಜಮಾನಿಯಾದವಳು ಹೊಲದಲ್ಲಿ ಕೂಲಿಯವಳಾಗಿಯೇ ಉಳಿದಿದ್ದಾಳೆ. ಗಂಡನು ತೀರಿಹೋದ ಅಥವಾ ಬಿಟ್ಟುಹೋದ ದಿನ ತಿಂಗಳ ಎರಡು ಸಾವಿರಕ್ಕೂ ಒಂದು ಎಕರೆ ಹೊಲಕ್ಕೂ ಇರುವ ವ್ಯತ್ಯಾಸವು ಅವಳಿಗೆ ತಿಳಿಯುವುದು.

“ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪೆ ನೋಡಬೇಕು” ಎಂಬುದು ನಮ್ಮ ಸೀಮೆಯ ಗಾದೆ. ಶಾಲೆಗಳು ಹೆಣ್ಣುಮಕ್ಕಳಿಗೆ ಕಣ್ಣನ್ನು ಕೊಟ್ಟಿವೆ. ಕಾಲೂರಲು ನೆಲವನ್ನು ಕೊಡುವುದು ಮನೆಯ ಕೆಲಸ.

ಸ್ವಸಂತೋಷದಿಂದ ಬಿಟ್ಟುಕೊಡುವವಳನ್ನು ನಾವು ತಡೆಯುವವರಲ್ಲ. ಆದರೆ ದಾನವೆಂದರೆ ತನ್ನದೆಂದು ತಿಳಿದು, ಬೇಡವೆನ್ನುವ ಸ್ವಾತಂತ್ರ್ಯವಿದ್ದು ಕೊಡುವುದು. 1872ರ ಕರಾರು ಕಾಯಿದೆಯೂ ಒತ್ತಾಯದಿಂದ ಪಡೆದ ಒಪ್ಪಿಗೆಯನ್ನು ಮುಕ್ತವಾದ ಒಪ್ಪಿಗೆಯೆಂದು ಗಣಿಸುವುದಿಲ್ಲ. ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ನಮ್ಮ ಬಿನ್ನಹವಿಷ್ಟೆ: ಯಾವ ಕಾಗದಕ್ಕೂ ಅದನ್ನು ತಂದ ದಿನವೇ ರುಜು ಹಾಕಬೇಡಿರಿ. ಪ್ರತಿಯೊಂದನ್ನು ಕೇಳಿ ಪಡೆದು, ಮನೆಗೆ ಒಯ್ದು, ಸಾಲು ಸಾಲಾಗಿ ಓದಿರಿ. ತಿಳಿಯದಿದ್ದರೆ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿರಿ. 1987ರ ಕಾಯಿದೆಯಂತೆ ಹೆಂಗಸರಿಗೆ ಆದಾಯವೆಷ್ಟೇ ಇದ್ದರೂ ಅಲ್ಲಿ ಉಚಿತವಾಗಿ ನೆರವು ದೊರೆಯುವುದು. ಹತ್ತನೆಯ ತರಗತಿಯ ಹುಡುಗಿಯರಿಗೆ ಪದ್ಯವನ್ನು ಓದಿಸುವಂತೆಯೇ ಒಂದು ಪಹಣಿಯನ್ನೂ ಒಂದು ಬಿಡುಗಡೆ ಪತ್ರವನ್ನೂ ಓದಿಸುವುದು ಪ್ರತಿಯೊಂದು ಶಾಲೆಯ ಕರ್ತವ್ಯವೆಂದು ನಾವು ಎಣಿಸುವೆವು.

ಪಾಲಕರಾದ ಮಹನೀಯರೇ, ನೀವು ಗಟ್ಟಿಯಾಗಿರುವಾಗಲೇ ಗಂಡು ಹೆಣ್ಣು ಮಕ್ಕಳನ್ನು ಒಂದೇ ಚಾಪೆಯ ಮೇಲೆ ಕೂರಿಸಿ ಪಾಲನ್ನು ಬರೆದಿಡಿರಿ. ಆಗ ಮಗಳು ಅಣ್ಣನನ್ನು ಬೇಡಬೇಕಾಗಿಲ್ಲ. ಅಣ್ಣನು ತಂಗಿಯಿಂದ ಬರೆಸಿಕೊಳ್ಳಬೇಕಾಗಿಯೂ ಇಲ್ಲ.

ಸ್ತ್ರೀವಾದವು ಎಂದಿನ ವರೆಗೆ ಬೇಕೆಂದು ಕೇಳುವವರಿಗೆ ನಾವೊಂದು ಗಡುವನ್ನು ಹೇಳಬಲ್ಲೆವು. ಪಾಲನ್ನು ಪಡೆದ ತಂಗಿಯನ್ನೂ ಪಂಚಮಿಗಾಗಲಿ, ರಂಜಾನಿಗಾಗಲಿ, ಕ್ರಿಸ್ತಜಯಂತಿಗಾಗಲಿ, ಬಿಟ್ಟುಕೊಟ್ಟ ತಂಗಿಯಷ್ಟೇ ಅಕ್ಕರೆಯಿಂದ ಅಣ್ಣನು ಕರೆಯಲು ಬರುವ ದಿನದ ವರೆಗೆ ಅದು ಬೇಕು.