ಮೂರ್ಛೆಯ ಬಳಿಕದ ಭ್ರಮೆಯೂ ರೋಗವೇ

ಮೂರ್ಛೆರೋಗವನ್ನು ರೋಗವೆಂದೇ ಒಪ್ಪುವ ತಿಳುವಳಿಕೆ ಇಂದು ನಮ್ಮ ಹೆಚ್ಚಿನ ಮನೆಗಳಲ್ಲಿದೆ. ಮಗನಿಗೆ ಫಿಟ್ಸ್ ಬಂದರೆ ವೈದ್ಯರಲ್ಲಿಗೆ ಕರೆದೊಯ್ಯುತ್ತಾರೆ, ಮಾತ್ರೆ ಕೊಡಿಸುತ್ತಾರೆ. ಆದರೆ ಕೆಲವು ವರ್ಷಗಳ ಬಳಿಕ ಅದೇ ಮಗ, ಕಾಣದ ಯಾರೋ ತನ್ನೊಡನೆ ಮಾತನಾಡುತ್ತಿದ್ದಾರೆಂದರೆ, ಊಟದಲ್ಲಿ ವಿಷವಿದೆಯೆಂದು ಶಂಕಿಸಿದರೆ ಆ ತಿಳುವಳಿಕೆ ಕುಸಿಯುತ್ತದೆ. ಮೊದಲಿನಿಂದಲೂ ಇದು ಜಿನ್ನ್‌ಗಳ ಬಾಧೆಯೇ ಆಗಿತ್ತೆಂದು ತೀರ್ಮಾನಿಸಿ, ಮಾತ್ರೆ ನಿಲ್ಲಿಸಿ, ತಾಯತದವರ ಬಾಗಿಲು ತಟ್ಟುವ ಕುಟುಂಬಗಳಿವೆ.

ಈ ತೀರ್ಮಾನ ಸರಿಯಲ್ಲ. 1930ರ ದಶಕದಲ್ಲಿ ಹಂಗೇರಿಯ ವೈದ್ಯ ಮೆಡುನಾ, ಅಪಸ್ಮಾರ ಮತ್ತು ಸ್ಕಿಝೋಫ್ರೇನಿಯಾ ಪರಸ್ಪರ ವಿರೋಧಿಗಳೆಂದು ಭಾವಿಸಿದ್ದರು. ನಂತರದ ಅಧ್ಯಯನಗಳು ಕಂಡುಕೊಂಡದ್ದು ಬೇರೆ. 2005ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದ ಪ್ರಕಾರ, ಅಪಸ್ಮಾರವುಳ್ಳವರಲ್ಲಿ ಸ್ಕಿಝೋಫ್ರೇನಿಯಾದ ಸಾಧ್ಯತೆ ಇತರರಿಗಿಂತ ಸುಮಾರು ಎರಡೂವರೆ ಪಟ್ಟು ಅಧಿಕ. ಹೆಚ್ಚಿನ ರೋಗಿಗಳಿಗೆ ಇದು ಬರುವುದಿಲ್ಲವೆಂಬುದೂ ಅಷ್ಟೇ ನಿಜ. ಕೆಲವರಲ್ಲಿ ಸಾಲಾಗಿ ಫಿಟ್ಸ್ ಬಂದು, ಒಂದೆರಡು ದಿನ ಎಲ್ಲವೂ ಸರಿಯಿದ್ದು, ಬಳಿಕ ತಾತ್ಕಾಲಿಕ ಭ್ರಮೆಗಳು ಕಾಣಿಸಿಕೊಳ್ಳುತ್ತವೆ. ಈ ಅಂತರದಿಂದಾಗಿ ಮನೆಯವರಿಗೆ ಎರಡರ ನಂಟು ಹೊಳೆಯುವುದಿಲ್ಲ. ಕೆಲವು ಮಾತ್ರೆಗಳೂ ಮನಸ್ಸಿನ ಮೇಲೆ ಪರಿಣಾಮ ಬೀರಬಲ್ಲವು. ಅವನ್ನು ಬದಲಿಸಬೇಕಾದವರು ವೈದ್ಯರು. ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಿ ಪ್ರಾಣಕ್ಕೇ ಅಪಾಯವಾದೀತು.

ಜಿನ್ನ್‌ಗಳ ಅಸ್ತಿತ್ವವನ್ನು ನಾವು ನಂಬುತ್ತೇವೆ. ಅದು ಪವಿತ್ರ ಕುರ್‌ಆನಿನ ಬೋಧನೆ. ಆದರೆ ಅರ್ಥವಾಗದ ಪ್ರತಿಯೊಂದು ರೋಗವನ್ನೂ ಜಿನ್ನ್‌ಗಳ ತಲೆಗೆ ಕಟ್ಟಬೇಕೆಂದು ಆ ನಂಬಿಕೆ ಹೇಳುವುದಿಲ್ಲ. ಮೂರ್ಛೆರೋಗದಿಂದ ಬಳಲುತ್ತಿದ್ದ ಮಹಿಳೆಯೊಬ್ಬರು ಪ್ರವಾದಿ(ಸ)ರ ಬಳಿಗೆ ಬಂದ ಘಟನೆ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಪ್ರವಾದಿ(ಸ)ರು ಅವರನ್ನು ಗದರಿಸಲಿಲ್ಲ, ಹೊಡೆಯಲಿಲ್ಲ. ಸಹನೆಗೆ ಸ್ವರ್ಗದ ಶುಭವಾರ್ತೆ, ಇಲ್ಲವೇ ಗುಣವಾಗಲೆಂದು ಪ್ರಾರ್ಥನೆ ಎಂಬ ಆಯ್ಕೆಯನ್ನು ಅವರಿಗೇ ಬಿಟ್ಟರು. ಸಹನೆಯನ್ನು ಆರಿಸಿಕೊಂಡ ಆಕೆ, ಮೂರ್ಛೆಯಲ್ಲಿ ಮೈಮೇಲಿನ ಬಟ್ಟೆ ಸರಿಯದಂತೆ ಪ್ರಾರ್ಥಿಸಲು ಕೋರಿದರು. ಪ್ರವಾದಿ(ಸ)ರು ಹಾಗೆಯೇ ಪ್ರಾರ್ಥಿಸಿದರು. ರೋಗಿಯ ಮಾನ ಕಾಪಾಡುವುದು ಸುನ್ನತ್ ಎಂಬುದಕ್ಕೆ ಬೇರೆ ಪುರಾವೆ ಬೇಕೇ? ಔಷಧೋಪಚಾರ ಮಾಡಿರೆಂದು ಆದೇಶಿಸಿದವರೂ ಅದೇ ಪ್ರವಾದಿ(ಸ)ರು.

ಈ ಮಾದರಿಯನ್ನು ಮರೆತುದರ ಫಲವನ್ನು ತಮಿಳುನಾಡಿನ ಏರ್ವಾಡಿಯಲ್ಲಿ ಕಂಡಿದ್ದೇವೆ. ಅಲ್ಲಿನ ದರ್ಗಾಕ್ಕೆ ಗುಣವಾಗಲೆಂದು ಕರೆತಂದ ಮಾನಸಿಕ ರೋಗಿಗಳನ್ನು ಸಮೀಪದ ಖಾಸಗಿ ಆಶ್ರಯಗೃಹಗಳಲ್ಲಿ ಸರಪಳಿಯಲ್ಲಿಡುತ್ತಿದ್ದರು. 2001ರ ಆಗಸ್ಟ್ 6ರಂದು ಅಂತಹ ಒಂದು ಗೃಹಕ್ಕೆ ಬೆಂಕಿ ತಗುಲಿ, ಓಡಲಾಗದೆ 28 ಮಂದಿ ಬಲಿಯಾದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ.

ಆದುದರಿಂದ ಸಹೋದರ ಸಹೋದರಿಯರೇ, ದುಆ ಮಾಡೋಣ, ಕುರ್‌ಆನ್ ಪಾರಾಯಣ ಮಾಡೋಣ. ಮಾತ್ರೆಯನ್ನು ಮಾತ್ರ ನಿಲ್ಲಿಸದಿರೋಣ. ಫಿಟ್ಸ್ ಇರುವವರ ನಡೆನುಡಿ ಬದಲಾದರೆ, ಬದಲಾದ ದಿನವನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತಿಳಿಸೋಣ. ಗುಣಪಡಿಸುವವನು ಅಲ್ಲಾಹನೇ, ಔಷಧಿಯೂ ಅವನದೇ ಅನುಗ್ರಹ.