ಕಾಂಗ್ರೆಸ್ ಗಿಡಕ್ಕೆ ರೋಗ ಬಂತು ಅಂತ ಖುಷಿಪಡೋ ಮುಂಚೆ ಬುಡ ನೋಡಿ

ಮಳೆಗಾಲ ಬಂತು ಅಂದ್ರೆ ನನ್ನ ಫೋನಿಗೆ ಒಂದೇ ಥರದ ಫೋಟೋ ಬರುತ್ತೆ. ಬೇಲಿ ಪಕ್ಕ ಬಾಡಿ ನಿಂತ ಪಾರ್ಥೇನಿಯಂ. ಜೊತೆಗೆ, 'ಅಕ್ಕಾ, ಕಾಂಗ್ರೆಸ್ ಗಿಡಕ್ಕೇ ರೋಗ ಬಂದಿದೆ, ಕೀಳೋ ಕೂಲಿ ಉಳೀತು.' ನಾನು ಕೇಳೋದು ಒಂದೇ: ಎಲೆ ಬೇಡ, ಬುಡದ ಫೋಟೋ ಕಳಿಸಿ.

ಯಾಕಂದ್ರೆ ಎರಡು ವರ್ಷದ ಹಿಂದೆ ನಾನೇ ಏಮಾರಿದ್ದೆ. ಯಲಹಂಕದಾಚೆ, ರಾಜಾನುಕುಂಟೆ ಕಡೆ ನನ್ನ ತೋಟ. ಬದುವಿನ ಮೇಲಿದ್ದ ಪಾರ್ಥೇನಿಯಂ ಕಿತ್ತು, ಪುಕ್ಕಟೆ ಹೊದಿಕೆ ಸಿಕ್ತಲ್ಲ ಅಂತ ಹಸಿಹಸಿಯಾಗೇ ಬದನೆ ಬುಡಕ್ಕೆ ಹಾಸಿದೆ. ಅದರಲ್ಲಿ ಕೆಲವು ಮೊದಲೇ ಸೊರಗಿದ್ದವು, ಗಮನ ಕೊಡಲಿಲ್ಲ. ಎರಡು ವಾರದಲ್ಲಿ ಮೂರು ಸಾಲು ಬದನೆ ನಿಂತಲ್ಲೇ ಬಾಡಿತು. ಕಿತ್ತರೆ ಬುಡದಲ್ಲಿ ಹತ್ತಿಯಂಥ ಬಿಳಿ ಎಳೆ, ಮಧ್ಯೆ ಸಾಸಿವೆ ಗಾತ್ರದ ಕಂದು ಗುಂಡುಗಳು. ಕಾಲೇಜಿನಲ್ಲಿ ಪರೀಕ್ಷೆಗೆ ಇದರ ಚಿತ್ರ ಬರೆದು ಅಂಕ ತಗೊಂಡಿದ್ದೆ, ಹೊಲದಲ್ಲಿ ಮರೆತೆ. ಸ್ಕ್ಲೆರೋಷಿಯಂ ರಾಲ್ಫ್ಸಿ, ಬುಡಕೊಳೆ ತರೋ ಶಿಲೀಂಧ್ರ.

ಕಳೆಯಿಂದಲೇ ಬಂತು ಅಂತ ಆಣೆ ಮಾಡಿ ಹೇಳಲಾರೆ, ನನ್ನ ಮಣ್ಣಲ್ಲೂ ಇದ್ದಿರಬಹುದು. ಆದರೆ ಇದಕ್ಕೆ ಪರದೇಶಿ ಕಳೆ, ನಮ್ಮ ಬೆಳೆ ಅನ್ನೋ ಭೇದ ಇಲ್ಲ. ಅಮೆರಿಕ ಖಂಡದಿಂದ ಬಂದ ಪಾರ್ಥೇನಿಯಮ್ಮೂ ಸೈ, ಬದನೆ, ಟೊಮ್ಯಾಟೊ, ಕಡಲೆಕಾಯಿ, ರಾಗಿಯೂ ಸೈ. ಐನೂರಕ್ಕೂ ಹೆಚ್ಚು ಜಾತಿಯ ಗಿಡಗಳ ಮೇಲೆ ಬದುಕುತ್ತೆ. ಬೆಳೆ ಇಲ್ಲದ ತಿಂಗಳಲ್ಲಿ ಬದುವಿನ ಕಳೆಯೇ ಅದಕ್ಕೆ ಮನೆ. ಆ ಗುಂಡುಗಳು ಮಣ್ಣಲ್ಲಿ ವರ್ಷಗಟ್ಟಲೆ ಕಾಯುತ್ತವೆ. ಅದರ ಮೇಲೆ ಕೊಳೆಯದ ಹಸಿ ಸೊಪ್ಪು ಹಾಕಿದರೆ ಊಟ ಬಡಿಸಿದ ಹಾಗೆ. ಆ ಬಲದಲ್ಲಿ ಪಕ್ಕದ ಗಿಡದ ಬುಡ ಹಿಡಿಯುತ್ತೆ. ಕಳೆ ಕಿತ್ತಿದ್ದು ತಪ್ಪಲ್ಲ, ಹಸಿಯಾಗಿ ಹಾಸಿದ್ದು ತಪ್ಪು.

ಎಲ್ಲ ಶಿಲೀಂಧ್ರವೂ ಹೀಗಲ್ಲ. ತುಕ್ಕು ರೋಗ, ಬೂದಿ ರೋಗದವು ಸಾಮಾನ್ಯವಾಗಿ ತಮ್ಮ ಗಿಡ ಬಿಟ್ಟು ದೂರ ಹೋಗಲ್ಲ. ಪಾರ್ಥೇನಿಯಂ ಎಲೆ ಮೇಲೆ ಬಿಳಿ ಪುಡಿ ಕಂಡ ಮಾತ್ರಕ್ಕೆ ಸೌತೆ ಬಳ್ಳಿಗೂ ಬಂದೇ ಬರುತ್ತೆ ಅಂತಿಲ್ಲ. ಅದಕ್ಕೇ ಹೇಳೋದು, 'ರೋಗ' ಅನ್ನೋ ಒಂದೇ ಪದದಲ್ಲಿ ಎಲ್ಲ ಮುಗಿಸಬೇಡಿ.

'ಹುಳ ಬಿಟ್ಟಿರಲಿಲ್ವಾ, ಹಾಗೇ ಬೂಷ್ಟೂ ಕಳೆ ತಿನ್ನಲಿ ಬಿಡಿ' ಅಂತ ಒಬ್ಬ ಹುಡುಗ ವಾದ ಮಾಡಿದ. ನಿಜ, ಮೆಕ್ಸಿಕೋದಿಂದ ತಂದ ಜೈಗೋಗ್ರಾಮಾ ದುಂಬಿಯನ್ನು 1984ರಲ್ಲಿ ಬೆಂಗಳೂರಲ್ಲೇ ಬಿಟ್ಟಿದ್ದು, ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು. ಆದರೆ ಬೇರೆ ಗಿಡ ತಿನ್ನುತ್ತಾ ಅಂತ ಪರೀಕ್ಷೆ ಮಾಡಿ ಬಿಟ್ಟರು. ಅಷ್ಟಾದರೂ ಮುಂದೆ ಸೂರ್ಯಕಾಂತಿ ಎಲೆ ಮೇಲೆ ಅದು ಕಂಡಾಗ ಗಲಾಟೆ ಆಯ್ತು. ಎಲೆ ಮೇಲೆ ಉದುರಿದ ಪಾರ್ಥೇನಿಯಂ ಪರಾಗ ಅದನ್ನ ಸೆಳೆದಿತ್ತು ಅಂತ ಆಮೇಲೆ ಗೊತ್ತಾಯ್ತು. ಪರೀಕ್ಷೆ ಮಾಡಿದ ಹುಳದ್ದೇ ಈ ಕಥೆ. ಬದುವಲ್ಲಿ ತಾನಾಗೇ ಹುಟ್ಟಿದ, ಹೆಸರೂ ಗೊತ್ತಿಲ್ಲದ ಬೂಷ್ಟನ್ನ ಯಾವ ಧೈರ್ಯದ ಮೇಲೆ ನಂಬೋದು?

ನಾನೀಗ ಮಾಡೋದು ಇಷ್ಟು. ಹೂ ಬಿಡೋ ಮುಂಚೆ ಕೈಗವಸು ಹಾಕ್ಕೊಂಡು ಕೀಳ್ತೀನಿ. ಬುಡದಲ್ಲಿ ಬಿಳಿ ಎಳೆ ಇದ್ದರೆ ಆ ಗಿಡವನ್ನ ಬುಡದ ಮಣ್ಣು ಸಮೇತ ಚೀಲಕ್ಕೆ ಹಾಕಿ ಆಚೆ ಸಾಗಿಸ್ತೀನಿ. ಉಳಿದದ್ದು ಗೊಬ್ಬರದ ರಾಶಿಗೆ. ಕೈ ಇಟ್ಟರೆ ಸುಡೋಷ್ಟು ರಾಶಿ ಕಾಯಬೇಕು, ಮಗುಚಬೇಕು, ಪೂರ್ತಿ ಕಳಿಯಬೇಕು. ಆಮೇಲೇ ಹೊಲಕ್ಕೆ. ನಾಟಿಗೆ ಮುಂಚೆ 100 ಕೆ.ಜಿ. ಕೊಟ್ಟಿಗೆ ಗೊಬ್ಬರಕ್ಕೆ 1 ಕೆ.ಜಿ. ಟ್ರೈಕೊಡರ್ಮ ಬೆರೆಸಿ, ತೇವ ಆರದ ಹಾಗೆ ನೆರಳಲ್ಲಿ ಎರಡು ವಾರ ಮುಚ್ಚಿಟ್ಟು ಹಾಕ್ತೀನಿ. ಬಾಡಿದ ಗಿಡವನ್ನ ಇದು ಬದುಕಿಸಲ್ಲ, ಅಂಗಡಿಯವರು ಏನೇ ಹೇಳಲಿ. ಅನುಮಾನ ಇದ್ದರೆ ಬುಡದ ಸಮೇತ ಗಿಡ ತಗೊಂಡು ಜಿಕೆವಿಕೆಗೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ ತೋರಿಸಿ.

ಆ ಮೂರು ಸಾಲಿಗೆ ಈ ಸಲ ಮುಸುಕಿನ ಜೋಳ ಹಾಕಿದ್ದೀನಿ. ಬದನೆಗೆ ಸದ್ಯಕ್ಕೆ ಅಲ್ಲಿ ಜಾಗ ಇಲ್ಲ.